ಮೊದಲ ಸೂಲಿನ ಮರಿಗಳು

ನನ್ನ ತಂಗಿ ಕುಮುದಳ ದನಿಯನ್ನು ನಾನು ಕೊನೆಯ ಸಲ ಕೇಳಿದ್ದು ಏಳು ವರ್ಷದ ಹಿಂದೆ, ನಮ್ಮ ಅಡುಗೆಮನೆಯಲ್ಲಿ. "ಅಕ್ಕ, ನಾನು ಹೇಳೋದನ್ನ ಪೂರ್ತಿ ಕೇಳಿಸ್ಕೊ" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ, ಹೊಸಿಲು ತೋರಿಸಿದೆ. ಆ ದನಿಯನ್ನು ಇನ್ನೊಮ್ಮೆ ಕೇಳುವ ಅವಕಾಶ ಹೋದ ವರ್ಷ ಬಂದಿತ್ತು. ಅದನ್ನು ನಾನೇ, ನನ್ನ ಕೈಯಾರೆ, ಹಾಡಹಗಲಲ್ಲಿ ಹಾಳು ಮಾಡಿಕೊಂಡೆ. ಗ್ರಹಚಾರ ಎಂದು ನಮ್ಮ ಯಜಮಾನರು ಸಮಾಧಾನ ಮಾಡುತ್ತಾರೆ. ಗ್ರಹಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ತಪ್ಪು ಈ ಅಂಬುಜಳದ್ದು.

ನಮ್ಮೂರಲ್ಲಿ ಇಬ್ಬರ ಮನಸ್ಸು ಮುರಿದರೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಸಣ್ಣಪುಟ್ಟ ಜಗಳಕ್ಕಲ್ಲ. ಗಂಡ ಹೆಂಡತಿ ದಿನಕ್ಕೆರಡು ಸಲ ಕಿತ್ತಾಡುವುದಕ್ಕೆಲ್ಲ ಕಿವಿ ಮುಚ್ಚುವುದಾದರೆ ಊರಿಗೆ ಊರೇ ಕಿವುಡಾಗಬೇಕಿತ್ತು. ನಿಜವಾಗಿ ಮುರಿದಾಗ ಮಾತ್ರ. ಆಗ ಮಾತು, ನಗು, ಅಳು, ಕೆಮ್ಮು, ಗಂಟಲಿನಿಂದ ಬರುವ ಯಾವುದೂ ಕೇಳದು. ಬಳೆ ಸದ್ದು, ಚಪ್ಪಲಿ ಸದ್ದು, ಪಾತ್ರೆ ಕುಕ್ಕುವ ಸದ್ದು ಚೆನ್ನಾಗಿಯೇ ಕೇಳುತ್ತದೆ. ನಾವೆಲ್ಲ ಅದಕ್ಕೆ ಒಗ್ಗಿಕೊಂಡಿದ್ದೇವೆ. ಹಿಟ್ಟಿನ ಗಿರಣಿಯ ಗೋಡೆಗೆ ಒಂದು ಸ್ಲೇಟು ತೂಗುಹಾಕಿದ್ದಾರೆ, ಗಿರಣಿಯವನ ಜೊತೆ ಕಿವಿ ಮುಚ್ಚಿದವರು ಅದರ ಮೇಲೆ ಬರೆದು ತೋರಿಸುತ್ತಾರೆ. ಬಸ್ಸಿನ ಕಂಡಕ್ಟರ್ ತನ್ನ ಜೊತೆ ಕಿವಿ ಮುಚ್ಚಿದವರನ್ನು ಮಾತಿನ ಬದಲು ಸೀಟಿ ಊದಿ ಕರೆಯುತ್ತಾನೆ. ನಮ್ಮ ಎದುರುಮನೆಯ ಮೇಷ್ಟ್ರಿಗೂ ಅವರ ಮಗನಿಗೂ ಹನ್ನೊಂದು ವರ್ಷದಿಂದ ಮುಚ್ಚಿದೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಸಾರು ಬೇಕಾದರೆ ಲೋಟ ಕುಟ್ಟುತ್ತಾರೆ.

ಇದಕ್ಕೆ ಇರುವ ಮದ್ದು ಒಂದೇ, ಮೀನು. ತಪ್ಪು ತನ್ನದು ಎಂದು ಯಾರಿಗೆ ಅನ್ನಿಸುತ್ತದೋ ಅವರು ಇನ್ನೊಬ್ಬರಿಗೆ ಬಸುರಿ ಗಪ್ಪಿ ಮೀನೊಂದನ್ನು ಕಳಿಸಬೇಕು. ಗಪ್ಪಿ ಮೊಟ್ಟೆ ಇಡುವ ಜಾತಿಯಲ್ಲ, ಹಸು ಎಮ್ಮೆಯ ಹಾಗೆ ಜೀವಂತ ಮರಿಯನ್ನೇ ಹಾಕುತ್ತದೆ. ಪಡೆದವರು ಆ ಮರಿಗಳನ್ನು ತಮ್ಮ ಕೈಯಿಂದಲೇ ಉಣಿಸಿ ಸಾಕಬೇಕು. ಎರಡೂವರೆ ತಿಂಗಳಿಗೆ ಬಾಲಕ್ಕೆ ಬಣ್ಣ ಬರುತ್ತದೆ. ಆಗ ಅರ್ಧ ಮರಿಗಳನ್ನು ತೆಗೆದುಕೊಂಡು ಹೋಗಿ ಕಳಿಸಿದವರ ತೊಟ್ಟಿಗೆ ಬಿಟ್ಟರೆ ಇಬ್ಬರ ಕಿವಿಯೂ ತೆರೆಯುತ್ತದೆ. ಇಬ್ಬರ ನಡುವೆ ಇದು ಜೀವಮಾನಕ್ಕೆ ಒಂದೇ ಸಲ. ಎರಡನೆಯ ಮೀನಿಗೆ ಯಾರ ಕಿವಿಯೂ ತೆರೆದದ್ದಿಲ್ಲ. ಇನ್ನೊಂದು ಕಟ್ಟುಪಾಡೂ ಉಂಟು. ಮೀನು ಕಳಿಸಿದವರು ಆಮೇಲೆ ಅವಸರ ಮಾಡಬಾರದು, ಕಾರಣ ಹೇಳಬಾರದು, ಕನಿಕರ ಬೇಡಬಾರದು. 'ಮರಿ ಆಯ್ತಾ' ಎಂದು ವಿಚಾರಿಸಬಹುದು, ಅಷ್ಟೇ. ಅದರ ಮೇಲೆ ಒಂದು ಮಾತು ಹೆಚ್ಚಾದರೂ ಮರಿಗಳು ಬಣ್ಣ ಕಟ್ಟುವುದಿಲ್ಲ.

ಮರಿ ಸಾಕುವುದರಲ್ಲಿ ನನ್ನನ್ನು ಮೀರಿಸಿದವರು ಈ ಊರಲ್ಲಿಲ್ಲ. ಜಂಬ ಅಂದುಕೊಂಡರೂ ಚಿಂತೆಯಿಲ್ಲ. ಯಾರ ಮನೆಗೆ ಬಸುರಿ ಮೀನು ಬಂದರೂ ಅವರು ಮೊದಲು ಓಡಿ ಬರುವುದು ನನ್ನ ಹತ್ತಿರ. ನಲ್ಲಿ ನೀರನ್ನು ನೇರವಾಗಿ ಹಾಕಬೇಡಿ, ಒಂದು ದಿನ ಬಿಂದಿಗೆಯಲ್ಲಿಟ್ಟು ಔಷಧಿ ವಾಸನೆ ಹೋದ ಮೇಲೆ ಹಾಕಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಸಾಸಿವೆಯಷ್ಟು ಸಾಕು, ಪ್ರೀತಿ ಜಾಸ್ತಿಯಾದರೆ ನೀರು ಕೊಳೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ತಾಯಿಯನ್ನು ನಂಬಬೇಡಿ. ಗಪ್ಪಿಗೆ ತನ್ನ ಮರಿ ಯಾವುದು, ತಿನ್ನುವ ಹುಳ ಯಾವುದು ಎಂಬ ಭೇದ ತಿಳಿಯದು. ತೊಟ್ಟಿಯ ತುಂಬ ಪಾಚಿಸೊಪ್ಪು ತೇಲಿಬಿಟ್ಟರೆ ಮರಿಗಳು ಅದರೊಳಗೆ ನುಗ್ಗಿ ಬದುಕಿಕೊಳ್ಳುತ್ತವೆ. ಇಲ್ಲವಾದರೆ ತಾಯಿಯನ್ನು ತೂತಿನ ಬುಟ್ಟಿಯಲ್ಲಿಟ್ಟು ನೀರಿಗೆ ಇಳಿಸಿ, ಮರಿಗಳು ತೂತಿನಿಂದ ಕೆಳಗೆ ಜಾರುತ್ತವೆ, ತಾಯಿ ಮೇಲೆ ಉಳಿಯುತ್ತದೆ. ಇದನ್ನೆಲ್ಲ ಬಾಯಿಪಾಠ ಮಾಡಿಸಿ ಎಷ್ಟು ಜನರ ಕಿವಿ ತೆರೆಸಿದ್ದೇನೆ ಎಂದು ನನಗೇ ಲೆಕ್ಕವಿಲ್ಲ.

ಕುಮುದಳಿಗೂ ನನಗೂ ಮುರಿದದ್ದು ನನ್ನ ಮಗಳು ಮಂದಾರಳ ಸಂಬಂಧದ ವಿಷಯಕ್ಕೆ. ಗಂಡಿನ ಕಡೆಯವರು ಕುಮುದಳ ಮನೆಗೆ ಹೋಗಿ, ಹುಡುಗಿಗೆ ಕಾಯಿಲೆ ಕಸಾಲೆ ಏನಾದರೂ ಇತ್ತೇ ಎಂದು ಕೇಳಿದ್ದಾರೆ. ಇವಳು ಇದ್ದದ್ದನ್ನು ಇದ್ದ ಹಾಗೆ, ಒಂಬತ್ತನೇ ವರ್ಷದ ತನಕ ಫಿಟ್ಸ್ ಬರುತ್ತಿತ್ತು, ಈಗ ಇಲ್ಲ ಎಂದಿದ್ದಾಳೆ. ಸಂಬಂಧ ತಪ್ಪಿಹೋಯಿತು. ಮರುವರ್ಷವೇ ಮಂದಾರಳಿಗೆ ಎಲ್ಲ ತಿಳಿದೂ ಒಪ್ಪಿದ ಒಳ್ಳೆಯ ಹುಡುಗ ಸಿಕ್ಕಿದ, ಮದುವೆಯೂ ಆಯಿತು. ನ್ಯಾಯವಾಗಿ ನನ್ನ ಸಿಟ್ಟು ಅಲ್ಲಿಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಮದುವೆಗೆ ಅವಳು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಳು. ಸೋಬಾನೆ ಹೇಳುವಾಗ ಅವಳ ತುಟಿ ಆಡುತ್ತಿದ್ದದ್ದು ಕಾಣಿಸುತ್ತಿತ್ತು. ನಾನು ಬೇಕೆಂದೇ ಮುಖ ತಿರುಗಿಸಿಕೊಂಡೆ.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಗುರುಪಾದ ಬಂದ. ಅವನು ಕುಮುದಳ ಗಂಡ, ನಮ್ಮ ಸೋದರಮಾವನ ಮಗನೂ ಹೌದು, ಚಿಕ್ಕಂದಿನಿಂದ ನನ್ನ ಬಾಯಲ್ಲಿ ಏಕವಚನ ಕೇಳಿಸಿಕೊಂಡು ಬೆಳೆದವನು. ಎರಡು ಕೈಯಲ್ಲೂ ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ಗಾಜಿನ ಬಾಟಲಿ ಹಿಡಿದುಕೊಂಡಿದ್ದ. ಒಳಗೆ ಬೂದು ಮೈಯ ಹೆಣ್ಣು ಗಪ್ಪಿ. ಹೊಟ್ಟೆ ಚೌಕಾಕಾರಕ್ಕೆ ತಿರುಗಿತ್ತು, ಬಾಲದ ಬುಡದಲ್ಲಿ ಬಸುರಿನ ಕಪ್ಪು ಮಚ್ಚೆ ಹರಡಿತ್ತು.

"ಅತ್ತಿಗೆ, ಕುಮುದ ಕಳಿಸಿದಾಳೆ" ಎಂದ.

"ಆರು ವರ್ಷ ಆದ್ಮೇಲೆ ಜ್ಞಾನೋದಯ ಆಯ್ತಾ ಮಹಾರಾಣಿಗೆ" ಎಂದೆ.

ಅವನು ಬಾಟಲಿಯನ್ನು ನನ್ನ ಕೈಗಿಟ್ಟ. ನೀರೂ ಕುಡಿಯದೆ ಹೋದ. ನನಗೆ ಒಳಗೊಳಗೇ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನಿನ್ನ ಕೊಬ್ಬು ಇಳಿಯಿತು ನೋಡು ಎಂದು ಮೀನಿಗೆ ಹೇಳಿದೆ. ಕುಮುದಳಿಗೇ ಹೇಳಿದಷ್ಟು ಹಾಯೆನಿಸಿತು.

ಆದರೆ ಆ ಸಂತೋಷದ ಬೆನ್ನಿಗೇ ಇನ್ನೊಂದು ಬುದ್ಧಿ ಹುಟ್ಟಿತು. ಹೆಣ್ಣು ಗಪ್ಪಿ ಗಂಡಿನ ಜೊತೆ ಒಮ್ಮೆ ಕೂಡಿದರೆ ಸಾಕು, ಆ ಬೀಜವನ್ನು ಹೊಟ್ಟೆಯಲ್ಲಿ ಕಾಪಿಟ್ಟುಕೊಂಡು ತಿಂಗಳಿಗೊಂದರಂತೆ ನಾಲ್ಕೈದು ಸೂಲು ಮರಿ ಹಾಕುತ್ತದೆ. ಊರಿನ ಬಹಳ ಜನಕ್ಕೆ ಇದು ಗೊತ್ತಿಲ್ಲ, ಮೊದಲ ಸೂಲು ಹೋದರೆ ಎಲ್ಲ ಹೋಯಿತೆಂದು ಗೋಳಾಡುತ್ತಾರೆ. ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಮುಳುವಾಯಿತು. ಮೊದಲ ಸೂಲು ಹೋಗಲಿ, ಎರಡನೆಯದನ್ನು ಸಾಕೋಣ, ಇನ್ನೊಂದು ತಿಂಗಳು ಅವಳು ಹೊಟ್ಟೆ ಉರಿಸಿಕೊಂಡು ಕಾಯಲಿ ಎಂದು ಲೆಕ್ಕ ಹಾಕಿದೆ. ಏನೂ ತಿಳಿಯದವಳು ಈ ಕೆಲಸ ಮಾಡುತ್ತಿರಲಿಲ್ಲ, ಹೆದರಿಕೊಂಡು ಮೊದಲ ಮರಿಗಳನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಒಂಬತ್ತನೆಯ ದಿನ ಬೆಳಿಗ್ಗೆ ಮೀನು ಮೇವು ಮುಟ್ಟಲಿಲ್ಲ, ಗಾಜಿನ ತೊಟ್ಟಿಯ ಮೂಲೆ ಹಿಡಿದು ನಿಂತಿತು. ಇವತ್ತೇ ಎಂದು ಗೊತ್ತಾಯಿತು. ನಾನು ತೊಟ್ಟಿಯಿಂದ ಪಾಚಿಸೊಪ್ಪನ್ನೆಲ್ಲ ಎತ್ತಿ ಬಕೆಟ್ಟಿಗೆ ಹಾಕಿದೆ. ತೊಳೆಯುವುದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ತೂತಿನ ಬುಟ್ಟಿಯನ್ನು ತಂದು ಮಡಿಲಲ್ಲಿಟ್ಟುಕೊಂಡು ಮಣೆ ಹಾಕಿ ಕೂತೆ. ಹನ್ನೊಂದು ಗಂಟೆಗೆ ಮೊದಲ ಮರಿ ಬಿತ್ತು. ಮುದುರಿಕೊಂಡು ಬೀಳುತ್ತದೆ, ಅರ್ಧಕ್ಕೆ ಇಳಿದ ಮೇಲೆ ಮೈ ಬಿಚ್ಚಿ, ಎರಡು ಕಣ್ಣು ಮಾತ್ರ ಇರುವ ದಾರದ ಚೂರಿನ ಹಾಗೆ ಮೇಲಕ್ಕೆ ಈಜುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ತಾಯಿ ಹಿಂದಿರುಗಿ ಅದನ್ನು ನುಂಗಿತು.

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಇತ್ತ ನೋಡಿ, "ಏನೇ, ಬುಟ್ಟಿ ಇಳಿಸಲ್ವಾ?" ಎಂದರು.

"ನೀವು ಪೇಪರ್ ಓದ್ರಿ" ಎಂದೆ.

"ತಿಂತಾ ಇದೆಯಲ್ಲೇ."

"ನನಗೆ ಕಣ್ಣಿಲ್ವಾ?"

ಅವರು ಪೇಪರ್ ಮಡಿಸಿಟ್ಟು ಎದ್ದು ಹೊರಗೆ ಹೋದರು. ಎರಡನೆಯದು ಬಿತ್ತು, ಮೂರನೆಯದು ಬಿತ್ತು. ಅಡಗುವುದಕ್ಕೆ ಸೊಪ್ಪು ಹುಡುಕುತ್ತ ಗಾಜಿನ ಉದ್ದಕ್ಕೂ ಓಡಿದವು. ಸೊಪ್ಪು ಬಕೆಟ್ಟಿನಲ್ಲಿತ್ತು. ಒಂದು ಮರಿ ಗಾಳಿ ಮೋಟರಿನ ಕೊಳವೆಯ ಹಿಂದೆ ಸೇರಿಕೊಂಡು ಬಹಳ ಹೊತ್ತು ಉಳಿದಿತ್ತು. ಅದೊಂದು ಉಳಿದರೂ ಸಾಕಿತ್ತು, ಉಳಿದ ಒಂದೇ ಮರಿಯನ್ನು ಒಯ್ದು ಬಿಟ್ಟು ಕಿವಿ ತೆರೆದ ಮನೆಗಳಿವೆ. ಲೋಟ ಅದ್ದಿದರೆ ಎತ್ತಿಕೊಳ್ಳಬಹುದಿತ್ತು. ಕೈ ಮುಂದೆ ಹೋಯಿತು. ಅಷ್ಟರಲ್ಲಿ ಆ ಅಡುಗೆಮನೆ, ಆ ತಪ್ಪಿದ ಸಂಬಂಧ, ಕಾಯಿಲೆಯ ಹುಡುಗಿ ಬೇಡ ಎಂದು ಗಂಡಿನ ತಾಯಿ ಹೇಳಿಕಳಿಸಿದ ಮಾತು ಎಲ್ಲ ಮನಸ್ಸಿಗೆ ಬಂದು ಕೈ ಹಿಂದೆ ಬಂತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯಲ್ಲಿ ತಾಯಿ ಮಾತ್ರ ಇತ್ತು.

ಆ ವಾರ ಗುರುಪಾದ ಬಂದು ಹೊಸಿಲಾಚೆಯೇ ನಿಂತು, "ಮರಿ ಆಯ್ತಾ ಅತ್ತಿಗೆ?" ಎಂದ.

"ಆಯ್ತು. ಉಳೀಲಿಲ್ಲ."

ಅವನು ಹಾಗೆಯೇ ಜಗಲಿಯ ಮೇಲೆ ಕೂತುಬಿಟ್ಟ. "ಒಂದೂ ಇಲ್ವಾ?" ಎಂದ.

"ಅಳಬೇಡ ಕಣೋ. ಇನ್ನೊಂದು ತಿಂಗಳಿಗೆ ಮತ್ತೆ ಹಾಕುತ್ತೆ. ಆರು ವರ್ಷ ನಾನು ಸುಮ್ನಿರಲಿಲ್ವಾ, ಒಂದು ತಿಂಗಳು ಅವಳೂ ಇರಲಿ ಅಂತ ಹೇಳು ನಿನ್ನ ಹೆಂಡತಿಗೆ."

ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಮೂರು ಸಲ ಹಾಗೆ ಮಾಡಿ ಎದ್ದು ಹೋದ. ಹೆಂಡತಿಯ ಪರವಾಗಿ ಬೇಡಿಕೊಳ್ಳುವುದಕ್ಕೆ ನಾಚಿಕೆ ಎಂದುಕೊಂಡೆ. ನನ್ನ ಹೊಟ್ಟೆ ತಣ್ಣಗಾಗಿತ್ತು. ಆ ರಾಕ್ಷಸ ಸಂತೋಷವನ್ನು ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ.

ಇಪ್ಪತ್ತೊಂಬತ್ತು ದಿನಕ್ಕೆ ಎರಡನೆಯ ಸೂಲು. ಈ ಸಲ ಬುಟ್ಟಿ ಇಳಿಸಿದೆ, ಸೊಪ್ಪು ತುಂಬಿದೆ, ಮಣೆಯಿಂದ ಏಳಲಿಲ್ಲ. ಇಪ್ಪತ್ತಮೂರು ಮರಿ ಸಿಕ್ಕವು. ದಿನಕ್ಕೆ ನಾಲ್ಕು ಸಲ ಮೇವು, ಎರಡು ದಿನಕ್ಕೊಮ್ಮೆ ತಳದ ಕಸ ಹೀರಿ ಹೊಸ ನೀರು. ಉಪ್ಪುನೀರಿನ ಬಾಟಲಿಯಲ್ಲಿ ಸಣ್ಣ ಸೀಗಡಿ ಮೊಟ್ಟೆ ಒಡೆಸಿ, ಆ ಕೆಂಪು ಹುಳಗಳನ್ನು ಬಟ್ಟೆಯಲ್ಲಿ ಸೋಸಿ ತೊಟ್ಟಿಕ್ಕಿಸುತ್ತಿದ್ದೆ, ಅದನ್ನು ತಿಂದ ಮರಿಗಳ ಹೊಟ್ಟೆ ಕೆಂಪು ಚುಕ್ಕೆಯಾಗುತ್ತಿತ್ತು. ಮರಿ ಸಾಕುತ್ತ ಸಾಕುತ್ತ ನನ್ನ ಸಿಟ್ಟು ಎಲ್ಲಿ ಕರಗಿತೋ ತಿಳಿಯದು. ಬಹುಶಃ ಈ ಮದ್ದು ಕೆಲಸ ಮಾಡುವುದೇ ಹಾಗೆ. ಒಬ್ಬರು ಕಳಿಸಿದ ಜೀವಕ್ಕೆ ದಿನಕ್ಕೆ ನಾಲ್ಕು ಸಲ ಉಣಿಸುತ್ತ ಅವರನ್ನೇ ಬೈದುಕೊಂಡಿರುವುದು ಕಷ್ಟ. ತಿಂಗಳಾಗುವ ಹೊತ್ತಿಗೆ ನಾನು ಕುಮುದಳ ಜೊತೆ ಮೊದಲು ಯಾವ ಮಾತಾಡಬೇಕೆಂದು ತೊಟ್ಟಿಯ ಮುಂದೆ ತಾಲೀಮು ನಡೆಸುತ್ತಿದ್ದೆ.

"ಮೀನಿಗೆ ಹರಿಕಥೆ ಹೇಳ್ತಿದೀಯಾ?" ಎಂದು ಯಜಮಾನರು ಛೇಡಿಸುತ್ತಿದ್ದರು.

ಅವಳ ದನಿ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡುತ್ತಿದ್ದೆ. ಸ್ವಲ್ಪ ಗೊಗ್ಗರು, ನಕ್ಕರೆ ಕೊನೆಗೆ ಬಿಕ್ಕಳಿಕೆ ಬಂದ ಹಾಗೆ ನಿಲ್ಲುತ್ತಿತ್ತು. ಚಿಕ್ಕವಳಿದ್ದಾಗ ನನ್ನನ್ನು ಅಕ್ಕ ಎನ್ನುತ್ತಿರಲಿಲ್ಲ, ಅಂಬೂ ಎಂದು ಎಳೆದು ಕರೆದು ಅಪ್ಪನಿಂದ ಏಟು ತಿನ್ನುತ್ತಿದ್ದಳು. ನೆನಪಿನಲ್ಲಿ ಮಾತುಗಳೆಲ್ಲ ಇದ್ದವು, ದನಿ ಮಾತ್ರ ಸಿಗುತ್ತಿರಲಿಲ್ಲ. ಇರಲಿ, ಇನ್ನೇನು ಕೇಳುತ್ತೇನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಗುರುಪಾದ ವಾರವಾರ ಬರುತ್ತಿದ್ದವನು ಯುಗಾದಿ ಕಳೆದು ಹದಿನೈದು ದಿನದ ಮೇಲೆ ಬರುವುದನ್ನು ನಿಲ್ಲಿಸಿದ. ಒಂದು ವಾರ ಬಿಟ್ಟೆ, ಎರಡು ವಾರ ಬಿಟ್ಟೆ. ಕಳಿಸಿದವರಿಗೇ ಬೇಡವಾಯಿತೇ, ಎಷ್ಟು ಧಿಮಾಕು ಎಂದು ಯಜಮಾನರ ಮುಂದೆ ಹಾರಾಡಿದೆ. ಗಂಡು ಮರಿಗಳ ಬಾಲದಲ್ಲಿ ನೀಲಿ ಇಳಿದ ಮರುದಿನವೇ ಹನ್ನೆರಡು ಮರಿಗಳನ್ನು ಹಾಲಿನ ಕ್ಯಾನಿಗೆ ತುಂಬಿಕೊಂಡು, ಅರ್ಧಕ್ಕಿಂತ ಒಂದು ಹೆಚ್ಚೇ ಇರಲಿ ಎಂದು ಧಾರಾಳ ಮಾಡಿಕೊಂಡು ಹೊರಟೆ. ಇಸ್ತ್ರಿ ಸೀರೆ ಉಟ್ಟಿದ್ದೆ. ನೀರು ಕುಲುಕಬಾರದೆಂದು ಮೂರು ಬೀದಿ ಬಸುರಿ ಹೆಂಗಸಿನ ಹಾಗೆ ನಡೆದೆ.

ಕುಮುದ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು, ನೆಗಡಿಯೋ ಏನೋ ಎಂದುಕೊಂಡೆ. ನನ್ನನ್ನು, ಕ್ಯಾನನ್ನು ನೋಡಿ ಅವಳ ಕಣ್ಣು ತುಂಬಿತು. ನಾನು ಮಾತಾಡದೆ ಅವಳ ತೊಟ್ಟಿಯ ಹತ್ತಿರ ಹೋಗಿ, ಕ್ಯಾನನ್ನು ವಾಲಿಸಿ ಮರಿಗಳನ್ನು ಬಿಟ್ಟೆ. ಹನ್ನೆರಡೂ ಗುಂಪಾಗಿ ತಳಕ್ಕೆ ಇಳಿದವು. ತಿರುಗಿ ನಿಂತೆ.

ಅವಳು ಬಾಯಿ ತೆರೆದಳು. ತುಟಿ ಆಡಿತು. ಏನೂ ಕೇಳಿಸಲಿಲ್ಲ. ಕೊರಳ ಬಟ್ಟೆಯ ಹಿಂದಿನಿಂದ ಮಾತ್ರ ಉಸ್ಸೆಂದು ಗಾಳಿ ಬಂದು ಹೋಯಿತು.

"ಏನೇ ಇದು, ಕೇಳಿಸ್ತಿಲ್ವಲ್ಲೇ. ಗಟ್ಟಿಯಾಗಿ ಮಾತಾಡೇ. ಮರಿಗೆ ಬಣ್ಣ ಬಂದಿದೆ, ನೋಡೇ, ನೀಲಿ ಬಂದಿದೆ" ಎಂದು ನಾನು ಕೂಗಾಡಿದೆ.

ಗುರುಪಾದ ನನ್ನ ರಟ್ಟೆ ಹಿಡಿದು ಕೂರಿಸಿದ. "ಅತ್ತಿಗೆ, ನಿಮ್ಮ ಕಿವಿ ತೆರೆದಿದೆ. ಅವಳಿಗೆ ದನಿ ಇಲ್ಲ. ಯಾರಿಗೂ ಕೇಳಲ್ಲ ಈಗ. ಆಪರೇಷನ್ ಆಗಿ ಮೂರು ವಾರ ಆಯ್ತು" ಎಂದ.

ಇಷ್ಟು ದಿನ ಕಟ್ಟುಪಾಡಿಗೆ ಹೆದರಿ ಬಾಯಿ ಕಟ್ಟಿಕೊಂಡಿದ್ದವನು ಅವತ್ತು ಎಲ್ಲ ಹೇಳಿದ. ಸಂಕ್ರಾಂತಿಗೆ ಮುಂಚೆ ಗಂಟಲಲ್ಲಿ ಗಂಟು ಕಂಡಿತ್ತು. ಡಾಕ್ಟರು ಬೇಗ ಮಾಡಿಸಿಕೊಳ್ಳಿ, ಯುಗಾದಿ ದಾಟಿಸಬೇಡಿ, ಅಷ್ಟರೊಳಗಾದರೆ ದನಿ ಅರ್ಧದಷ್ಟಾದರೂ ಉಳಿದೀತು ಎಂದಿದ್ದರು. ಇವಳು ಮೀನು ಕಳಿಸಿ ದಿನ ಎಣಿಸಿದಳು. ಅಕ್ಕನ ಜೊತೆ ನನ್ನ ಪೂರ್ತಿ ದನಿಯಲ್ಲಿ ಒಂದು ಸಲ ಮಾತಾಡಿ ಆಮೇಲೆ ಬರುತ್ತೇನೆ ಎಂದು ಹಟ ಹಿಡಿದಳು. ಮೊದಲ ಸೂಲಿನ ಮರಿಗಳು ಉಳಿದಿದ್ದರೆ ಯುಗಾದಿಗೆ ಸರಿಯಾಗಿ ಬಣ್ಣ ಬರುತ್ತಿತ್ತು. ಉಳಿಯಲಿಲ್ಲ ಎಂದಾಗ, ಇನ್ನೊಂದು ತಿಂಗಳು ತಾನೇ, ಅಕ್ಕ ಹೇಳಿಕಳಿಸಿದ್ದಾಳೆ, ಕಾಯುತ್ತೇನೆ ಎಂದಳಂತೆ. ಕಾದಳು. ನೀರು ನುಂಗುವುದಕ್ಕೂ ಆಗದ ಹಾಗಾದಾಗ ಇವನೇ ಯಾರಿಗೂ ಹೇಳದೆ ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ. ಅಷ್ಟರಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ ಎಂದು ನಮ್ಮಮ್ಮ ನನಗೆ ದಿನಾ ಹೇಳುತ್ತಿದ್ದಳು. ಮೂಗಾಗಿದ್ದರೆ ನನ್ನದು ಹೋಗುತ್ತಿತ್ತು, ಚಿಂತೆಯಿರಲಿಲ್ಲ. ನಾನು ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ತಲೆ ಎತ್ತಿದಾಗ ಕುಮುದ ನನ್ನನ್ನೇ ನೋಡುತ್ತ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ಮುಖದಲ್ಲಿ ನಗುವಿನಂಥದ್ದು ಇತ್ತು. ಸ್ಲೇಟು ತೆಗೆದುಕೊಂಡು ಬರೆದು ತೋರಿಸಿದಳು: "ನಿನ್ನ ದನಿ ಅಮ್ಮನ ಥರ ಆಗಿದೆ."

ಆರು ವರ್ಷದಲ್ಲಿ ನನ್ನ ದನಿ ಮುದಿಯಾದದ್ದು ನನಗೆ ತಿಳಿದಿರಲಿಲ್ಲ. ಅವಳಿಗೆ ಕೇಳಿಸುತ್ತಿದೆ ಎಂಬುದು ಆಗ ನನ್ನ ತಲೆಗೆ ಹೋಯಿತು. ಅವಳ ಕಿವಿಯೂ ತೆರೆದಿತ್ತು.

ಅಂದಿನಿಂದ ದಿನಾ ನಾಲ್ಕು ಗಂಟೆಗೆ ಹೋಗುತ್ತೇನೆ. ಮಾತಾಡುವುದು ನಾನು, ಬರೆಯುವುದು ಅವಳು. ಮಾರ್ಕೆಟ್ಟಿನ ವಿಷಯ, ಮಂದಾರಳ ಮಗುವಿಗೆ ಹಲ್ಲು ಬಂದ ವಿಷಯ, ಎದುರುಮನೆಯ ಮೇಷ್ಟ್ರ ಮಗ ಕೊನೆಗೂ ಮೀನು ಹುಡುಕುತ್ತಿರುವ ವಿಷಯ. ಬಾಯಿ ನೋವು ಬಂದು ನಿಲ್ಲಿಸಿದರೆ ಕೈಯಾಡಿಸಿ ಇನ್ನೂ ಎನ್ನುತ್ತಾಳೆ. ಅವಳಿಗೆ ಬೇರೆ ಏನೂ ಬೇಡ. ಊಟ ರುಚಿಸುವುದಿಲ್ಲ, ನೆಂಟರು ಬಂದರೆ ಒಳಗೆ ಹೋಗಿ ಮಲಗುತ್ತಾಳೆ. ನಾನು ಹೋಗುವ ಹೊತ್ತಿಗೆ ಮಾತ್ರ ತಲೆ ಬಾಚಿಕೊಂಡು ಕೂತಿರುತ್ತಾಳೆ ಎಂದು ಗುರುಪಾದ ಹೇಳುತ್ತಾನೆ.

ಸೊಪ್ಪು ತೆಗೆದ ವಿಷಯವನ್ನು ಹೇಳಿಬಿಡಬೇಕೆಂದು ದಿನಾ ಹೊರಡುವಾಗ ಅಂದುಕೊಳ್ಳುತ್ತೇನೆ. ಹೇಳಿದರೆ ಅವಳ ಮನಸ್ಸು ಮುರಿಯುತ್ತದೆ. ಯಾರದಾದರೂ ಮುರಿಯುತ್ತದೆ. ಮುರಿದರೆ ಕಿವಿ ಮುಚ್ಚುತ್ತದೆ, ನಮ್ಮಿಬ್ಬರ ಪಾಲಿನ ಮೀನು ಮುಗಿದಿದೆ. ನನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೆ ಅವಳಿಗೆ ಉಳಿದಿರುವ ಒಂದೇ ದನಿಯನ್ನು ಕಿತ್ತುಕೊಳ್ಳಲೇ? ಯಜಮಾನರಿಗೂ ಬಾಯಿ ಬಿಡಬೇಡಿ ಎಂದು ಆಣೆ ಹಾಕಿಸಿದ್ದೇನೆ.

ಹೋದ ವಾರ ಅವಳು ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದಳು. ಆಮೇಲೆ ಬರೆದಳು: "ನೀನು ಸಾಕಿದ ಮರಿ ಯಾವತ್ತೂ ಸತ್ತಿಲ್ಲ. ಮೊದಲ ಸೂಲಿಗೆ ಏನಾಯ್ತು?"

"ನೀರು ಕೆಟ್ಟಿತ್ತು ಕಣೇ" ಎಂದೆ. ಮರಿ ಸಾಕುವ ಅಂಬುಜಳ ತೊಟ್ಟಿಯಲ್ಲಿ ನೀರು ಕೆಡುವುದೆಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ.

ಕುಮುದ ನನ್ನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು, ಅವಳ ಕೊರಳಿನಿಂದ ಬರುವ ಗಾಳಿಯ ಸದ್ದು ನನಗೆ ಕೇಳಿಸುವುದು ನಿಂತುಹೋಗುತ್ತದೇನೋ ಎಂದು ಕಿವಿಗೊಟ್ಟು ಕೂತಿದ್ದೆ. ನಿಲ್ಲಲಿಲ್ಲ. ಅವಳು ಸೆರಗಿನಿಂದ ಸ್ಲೇಟು ಒರೆಸಿ, ಬೇರೆ ಬರೆದು ನನ್ನ ಕಡೆ ತಿರುಗಿಸಿದಳು.

"ಆಯ್ತು. ನೀನು ಮಾತಾಡು."

ಮಾತಾಡಿದೆ. ಏನು ಮಾತಾಡಿದೆನೋ ನೆನಪಿಲ್ಲ, ದೀಪ ಹಚ್ಚುವ ಹೊತ್ತಿನವರೆಗೆ ನಿಲ್ಲಿಸದೆ ಮಾತಾಡಿದೆ.